ಕಿರುಬೆರಳಿನ ತೂತು

ಒಪ್ಪಿಕೊಂಡದ್ದು ತಾನಲ್ಲ, ತನ್ನ ತಲೆ ಎಂದು ಫೋನಕ್ಕ ಆಮೇಲೆ ಎಷ್ಟೋ ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಗ್ನಿಶಾಮಕ ಠಾಣೆಯ ಫೋನು ಕೋಣೆಯಲ್ಲಿ ಅವಳದು ಹತ್ತೊಂಬತ್ತು ವರ್ಷದ ಕೆಲಸ. ಬೆಳಿಗ್ಗೆ ಏಳಕ್ಕೆ ಹೆಡ್‌ಫೋನು ತಲೆಗೇರಿದರೆ ಇಳಿಯುವುದು ಸಂಜೆ ಏಳಕ್ಕೆ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಆ ಸೋಮವಾರ ಗಾಜಿನ ಗೋಡೆಯ ಆಚೆ ಠಾಣೆಯ ಸಭೆ ನಡೆದಿತ್ತು. ಸಾಹೇಬರು ಬಾಗಿಲನ್ನು ಅರ್ಧ ತೆರೆದು, "ಏನ್ರೀ, ನಿಮ್ಮಿಂದ ಆಗುತ್ತಲ್ಲ?" ಎಂದು ಕೇಳಿದಾಗ ಅವಳ ಕಿವಿಯಲ್ಲಿ ಒಬ್ಬ ಹೆಂಗಸು, ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿಕೊಂಡಿದೆ ಎಂದು ಅಳುತ್ತಿದ್ದಳು. "ಹೂಂ, ಹೂಂ, ಸರಿ, ಬಾಗಿಲು ಎಳ್ಕೊಂಡು ಹೊರಗೆ ಬನ್ನಿ" ಎನ್ನುತ್ತ ಫೋನಕ್ಕ ಜೋರಾಗಿ ತಲೆಯಾಡಿಸಿದಳು. ಸಾಹೇಬರು ಥ್ಯಾಂಕ್ಸ್ ಎಂದು ಬಾಗಿಲು ಮುಚ್ಚಿದರು. ಆಚೆ ಚಪ್ಪಾಳೆ ಕೇಳಿಸಿತು.

ಏತಕ್ಕೆ ಚಪ್ಪಾಳೆ ಎಂದು ಅವಳಿಗೆ ತಿಳಿದದ್ದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವಾಗ. ಠಾಣೆಗೆ ಹಿಂದೆ ಹನ್ನೆರಡು ಜನರ ಬ್ಯಾಂಡ್ ಇತ್ತು. ಈಗ ಉಳಿದದ್ದು ಕಂಕುಳಲ್ಲಿ ಗಾಳಿಚೀಲ ಒತ್ತಿ ಬ್ಯಾಗ್‌ಪೈಪ್ ನುಡಿಸುವ ಒಬ್ಬರೇ ಮುದುಕರು, ಪೀಪಿ ಮೇಷ್ಟ್ರು. ಅವರಿಗೂ ಇನ್ನು ಆಗುವುದಿಲ್ಲವಂತೆ. ಠಾಣೆಯವರು ಯಾರಾದರೂ ತೀರಿಕೊಂಡಾಗ, ಶವಪೆಟ್ಟಿಗೆಯನ್ನು ಗಾಡಿಯಿಂದ ಇಳಿಸುವ ಹೊತ್ತಿಗೆ ಬ್ಯಾಗ್‌ಪೈಪ್ ನುಡಿಸುವುದು ಇಲಾಖೆಯ ಹಳೆಯ ಪದ್ಧತಿ. ಯಾರಾದರೂ ಕಲಿಯಲೇಬೇಕು ಎಂದು ಸಾಹೇಬರು ಹೇಳಿದರಂತೆ. ಬೆಂಕಿ ಆರಿಸುವ ಗಾಡಿಯ ಹುಡುಗರೆಲ್ಲ ಎದೆ ತಟ್ಟಿಕೊಂಡು, ಹೊಗೆ ಕುಡಿದ ಶ್ವಾಸಕೋಶ ಸ್ವಾಮಿ, ಮೆಟ್ಟಿಲು ಹತ್ತೋದಕ್ಕೇ ಸಾಲದು ಎಂದರಂತೆ. ಇಡೀ ಠಾಣೆಯಲ್ಲಿ ಹೊಗೆ ಕಾಣದ ಶ್ವಾಸಕೋಶ ಯಾರದು ಎಂದು ಹುಡುಕಿದರೆ ಫೋನಕ್ಕನದು.

"ನಾನು ಪರದೆಯ ಬೆಂಕಿಗೆ ತಲೆಯಾಡಿಸಿದ್ದು," ಎಂದಳು ಫೋನಕ್ಕ.

"ಆಡಿಸಿದ್ದಂತೂ ಆಡಿಸಿದ್ರಲ್ಲ," ಎಂದ ಗಾಡಿಯ ಡ್ರೈವರ್, ಅವಳ ಡಬ್ಬಿಯಿಂದ ಒಂದು ಮೊಟ್ಟೆ ಎತ್ತಿಕೊಂಡು.

ಸಾಹೇಬರ ಹತ್ತಿರ ಹೋಗಿ ಆಗುವುದಿಲ್ಲ ಎನ್ನಬೇಕೆಂದು ಎರಡು ಸಲ ಎದ್ದಳು. ಎರಡು ಸಲವೂ ಫೋನು ಬಂತು. ಸಂಜೆಯ ಹೊತ್ತಿಗೆ ಬೇಡ ಎನ್ನುವುದಕ್ಕೂ ತ್ರಾಣ ಉಳಿದಿರಲಿಲ್ಲ. ಮನೆಗೆ ಬಂದು ಮೆಟ್ಟಿಲಲ್ಲೇ ಗಂಡನಿಗೆ ಹೇಳಿದಳು. ಅವನು ಬ್ರೆಡ್ ವ್ಯಾನ್ ಓಡಿಸುವವನು. ನಸುಕಿಗೆ ಎದ್ದು ಹೋಗುವವನಾದ್ದರಿಂದ ಇವಳು ಬರುವಷ್ಟರಲ್ಲಿ ಅವನ ಕಣ್ಣು ಅರ್ಧ ಮುಚ್ಚಿರುತ್ತಿತ್ತು.

"ಕಲಿ, ಬೇಡ ಅನ್ನಲ್ಲ," ಎಂದ ಗಂಡ. "ಮನೇಲಿ ಮಾತ್ರ ಊದಬೇಡ. ಕೆಳಗಿನ ಮನೆಯವರು ಯಾರೋ ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ನಿಮ್ಮ ಠಾಣೆಗೇ ಫೋನ್ ಮಾಡ್ತಾರೆ. ಎತ್ತೋಳೂ ನೀನೇ."

ಅವಳು ನಕ್ಕಳು. ನಗುವಾಗ ಬಲಗೈಯನ್ನು ಜೇಬಿಗೆ ಹಾಕಿ ಕಿರುಬೆರಳನ್ನು ಸವರಿಕೊಂಡಳು. ಎಂಟು ವರ್ಷದವಳಿದ್ದಾಗ ಸೈಕಲ್ಲಿನ ಚೈನಿಗೆ ಸಿಕ್ಕಿ ಆ ಬೆರಳಿನ ಮೇಲಿನ ಗೆಣ್ಣು ಹೋಗಿತ್ತು, ಉಗುರಿಲ್ಲದ ಮೊಂಡುಬೆರಳು. ಊದುವ ವಾದ್ಯ ಎಂದಮೇಲೆ ತೂತುಗಳಿರುತ್ತವೆ, ತೂತು ಮುಚ್ಚುವುದಕ್ಕೆ ಬೆರಳು ಬೇಕು. ರಜಾ ಚೀಟಿಯನ್ನು ದೇವರು ಮೊದಲೇ ಬರೆದು ಕೈಗೆ ಕಟ್ಟಿ ಕಳಿಸಿದ್ದಾನೆ ಎಂದುಕೊಂಡಳು. ಅದನ್ನು ಮೇಷ್ಟ್ರ ಎದುರಿಗೇ ತೋರಿಸಿದರೆ ಯಾರೂ ಕಳ್ಳಾಟ ಎನ್ನುವಂತಿಲ್ಲ. ಅಲ್ಲಿಯವರೆಗೆ ಸುಮ್ಮನಿರುವುದೇ ಸರಿ.

ಮೇಷ್ಟ್ರ ಮೇಲೆ ಅವಳಿಗೆ ಒಳಗೊಳಗೇ ಒಂದು ಮುನಿಸೂ ಇತ್ತು. ಅದನ್ನು ಯಾರ ಹತ್ತಿರವೂ ಆಡಿರಲಿಲ್ಲ.

ಹಿಂದಿನ ಚಳಿಗಾಲದಲ್ಲಿ ಏಣಿಯಣ್ಣ ತೀರಿಕೊಂಡಿದ್ದ. ಉದ್ದದ ಏಣಿಯ ತುದಿಗೆ ಹತ್ತುವ ಕೆಲಸ ಅವನದು. ಇಪ್ಪತ್ತಾರು ವರ್ಷ ಬೆಂಕಿಯಲ್ಲಿ ಏನೂ ಆಗದವನು ನಿವೃತ್ತಿಗೆ ಎರಡು ತಿಂಗಳಿರುವಾಗ ಮನೆಯ ಸೋಫಾದ ಮೇಲೆ ಶೂ ಬಿಚ್ಚುತ್ತ ಕೂತಲ್ಲೇ ಒರಗಿದ. ಅವನ ಅಂತ್ಯಕ್ರಿಯೆಯ ದಿನ ಪೀಪಿ ಮೇಷ್ಟ್ರು ನುಡಿಸಲು ನಿಂತರು. ಶುರುವೇನೋ ಆಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಚೀಲ ಕುಸಿಯಿತು, ಸ್ವರ ಬಾಗಿತು, ಕೊರಗಿತು, ನಿಂತೇಹೋಯಿತು. ಪೆಟ್ಟಿಗೆ ಹೊತ್ತ ಆರು ಜನ ನಡುದಾರಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಮೇಷ್ಟ್ರು ಕೊಳವೆಯನ್ನು ಬಾಯಿಂದ ತೆಗೆದು ನೆಲ ನೋಡುತ್ತ ನಿಂತುಬಿಟ್ಟರು. ಫೋನಕ್ಕನ ಪಕ್ಕದಲ್ಲಿದ್ದ ಏಣಿಯಣ್ಣನ ಹೆಂಡತಿ ಅವಳ ತೋಳು ಹಿಡಿದು ಮೆಲ್ಲಗೆ ಕೇಳಿದಳು, "ಅಷ್ಟೇನಾ? ಮುಗೀತಾ?"

"ಹೂಂ ಅತ್ತಿಗೆ, ಮುಗೀತು," ಎಂದಿದ್ದಳು ಫೋನಕ್ಕ.

ಮುಗಿದಿರಲಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

*

ಗುರುವಾರ ಅವಳಿಗೆ ವಾರದ ರಜೆ. ಆ ದಿನವೇ ವಾದ್ಯದಂಗಡಿಗೆ ಹೋಗುವುದೆಂದಾಯಿತು. ಚಪ್ಪಲಿ ರಿಪೇರಿಯ ಅಂಗಡಿಯ ಮೇಲಿನ ಮಹಡಿ, ಕಡಿದಾದ ಮರದ ಮೆಟ್ಟಿಲು. ಪೀಪಿ ಮೇಷ್ಟ್ರು ಎರಡು ಸಲ ನಿಂತು, ಗೋಡೆಗೆ ಕೈಯಾನಿಸಿ ಉಸಿರು ಹಿಡಿದುಕೊಂಡರು. ಫೋನಕ್ಕ ಎರಡು ಮೆಟ್ಟಿಲು ಕೆಳಗೆ ಕಾದು ನಿಂತಳು. ಅವರ ಎದೆಯಿಂದ ಬರುವ ಸಣ್ಣ ಸಿಳ್ಳೆಯಂಥ ಸದ್ದು ಅವಳಿಗೆ ಕೇಳಿಸುತ್ತಿತ್ತು. ಹೊಗೆಯಲ್ಲಿ ಸಿಕ್ಕಿದವರು ಫೋನಿನಲ್ಲಿ ಮಾತಾಡುವಾಗ ಅದೇ ಸದ್ದು ಬರುತ್ತದೆ.

ಒಳಗೆ ನೀಳ ಮೇಜಿನ ಹಿಂದೆ ಅಂಗಡಿಯಾಕೆ ಕೂತಿದ್ದಳು. ಕನ್ನಡಕ ಹಣೆಯ ಮೇಲೆ, ತುಟಿಗಳ ನಡುವೆ ಮೇಣ ಹಚ್ಚಿದ ದಾರದ ತುದಿ. ಮೇಷ್ಟ್ರನ್ನು ಕಂಡು ದಾರ ಉಗುಳಿ ಎದ್ದು ನಿಂತಳು.

"ಬನ್ನಿ ಮೇಷ್ಟ್ರೆ. ಶಿಷ್ಯ ಎಲ್ಲಿ?"

"ಇವರೇ."

ಅಂಗಡಿಯಾಕೆ ಫೋನಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ಕೂತ್ಕೊಳ್ಳಿ ಅಕ್ಕ. ಈ ಮೆಟ್ಟಿಲು ಹತ್ತಿ ಬಂದಿದ್ದೇ ಅರ್ಧ ಕಲಿತ ಹಾಗೆ."

ಬ್ಯಾಗ್‌ಪೈಪನ್ನು ಕಲಿಯುವವರು ವರ್ಷದವರೆಗೂ ಚೀಲ ಮುಟ್ಟುವುದಿಲ್ಲ ಎಂದು ಫೋನಕ್ಕನಿಗೆ ಆಗಲೇ ತಿಳಿದದ್ದು. ಮೊದಲು ಚಾಂಟರ್. ಚೀಲವಿಲ್ಲ, ಹೆಗಲ ಮೇಲಿನ ಉದ್ದ ಕೊಳವೆಗಳಿಲ್ಲ. ಎರಡು ತುಂಡು ಸೇರಿಸಿದ, ಮೊಳದಷ್ಟು ಉದ್ದದ ಒಂದು ಕೊಳವೆ. ಮೇಲಿನ ತುಂಡಿಗೆ ಬಾಯಿ, ಕೆಳಗಿನ ತುಂಡಿಗೆ ಬೆರಳು, ನಡುವೆ ಅವಿತುಕೊಂಡ, ತೆಳು ನಾಲಗೆಯಂಥ ಒಂದು ರೀಡ್. ಕೂಗುವುದು ಆ ರೀಡೇ. ಮುಂದೆ ಏಳು ತೂತು, ಹೆಬ್ಬೆರಳಿಗೆಂದು ಹಿಂದೆ ಒಂದು. ಬೆರಳೆಲ್ಲ ಇದರಲ್ಲಿ ಪಳಗಿದ ಮೇಲೆ ಚೀಲ.

ಅಂಗಡಿಯಾಕೆ ಹಸಿರು ಬಟ್ಟೆ ಹಾಸಿ ಐದು ಚಾಂಟರ್ ಸಾಲಾಗಿಟ್ಟಳು. ಫೋನಕ್ಕನ ಕೈ ತಾನಾಗಿ ಹೋದದ್ದು ಕೆಂಪು ಮರದ, ಹಿತ್ತಾಳೆ ಬಳೆಗಳ ಒಂದಕ್ಕೆ.

"ಅದನ್ನ ಮುಟ್ಟಬೇಡಿ," ಎಂದರು ಮೇಷ್ಟ್ರು. "ಗೋಡೆಗೆ ತೂಗುಹಾಕೋರಿಗೆ ಮಾಡಿದ್ದು ಅದು. ಎಂಟು ತೂತೂ ಎಂಟು ದಿಕ್ಕಿಗೆ ಹಾಡುತ್ತೆ."

"ಯಾಕ್ರೀ ಇಟ್ಟಿದ್ದೀರಿ ಮತ್ತೆ?" ಎಂದಳು ಫೋನಕ್ಕ.

"ಗೋಡೆ ಇರೋರೂ ಬರ್ತಾರಲ್ಲ ಅಕ್ಕ," ಎಂದಳು ಅಂಗಡಿಯಾಕೆ.

ಮೇಷ್ಟ್ರು ಎತ್ತಿಕೊಂಡದ್ದು ಕರಿಮರದ್ದು. ಅದನ್ನು ಕೈಯಲ್ಲಿ ಹಿಡಿದಾಗ ಅವರ ಮುಖವೇ ಬೇರೆಯಾಯಿತು. ಊದಲಿಲ್ಲ, ಬರಿದೇ ಬೆರಳಿಟ್ಟು ಎತ್ತಿದರು. ಒಂದೊಂದು ಬೆರಳು ಬಿದ್ದಾಗಲೂ ಮರದಿಂದ ಸಣ್ಣ ಟಪ್ ಸದ್ದು ಬಂತು. "ಇದು ಮರ. ಇದನ್ನೇ ತಗೋಬೇಕು. ಪ್ಲಾಸ್ಟಿಕ್ ಊದೋದೂ ಒಂದೇ, ನಲ್ಲಿಗೆ ಬಾಯಿಡೋದೂ ಒಂದೇ."

"ಹಾಗನ್ನಬೇಡಿ ಮೇಷ್ಟ್ರೆ," ಎಂದಳು ಅಂಗಡಿಯಾಕೆ. "ಮರಕ್ಕೆ ಎಣ್ಣೆ ಹಚ್ಚಬೇಕು, ಊದಿದ ಮೇಲೆಲ್ಲ ಒರೆಸಬೇಕು, ಬಿಸಿಲಿಗಿಡಬಾರದು, ಹೀಟರ್ ಹತ್ರ ಇಡಬಾರದು. ಒಂದು ದಿನ ಮರೆತರೆ ಸೀಳು. ಮಗು ಸಾಕಿದ ಹಾಗೆ."

"ಹಾಗಾದ್ರೆ ನನಗೆ ಬೇಡ," ಎಂದಳು ಫೋನಕ್ಕ. "ಮನೇಲಿರೋರನ್ನ ಸಾಕಿದ್ದೇ ಸಾಕಾಗಿದೆ."

ಉಳಿದದ್ದು ಮೂರು ಕರಿ ಪ್ಲಾಸ್ಟಿಕ್. ಒಂದು ಗಿಡ್ಡ, ಮಕ್ಕಳದು. ಒಂದು ನಡುತರ. ಇನ್ನೊಂದು ಉದ್ದ, ಅದರ ತೂತುಗಳ ನಡುವಿನ ಅಂತರ ನಿಜವಾದ ಬ್ಯಾಗ್‌ಪೈಪಿನಷ್ಟೇ. ಉದ್ದದ್ದರಲ್ಲಿ ಕಲಿತವರಿಗೆ ಚೀಲ ಬಂದಮೇಲೆ ಬೆರಳು ಮತ್ತೆ ತಡಕಾಡುವುದಿಲ್ಲ ಎಂದು ಮೇಷ್ಟ್ರು ಅದನ್ನು ಅವಳ ಕೈಗಿಟ್ಟರು. ಎಡಗೈ ಮೇಲೆ, ಬಲಗೈ ಕೆಳಗೆ. ಬೆರಳ ತುದಿ ಅಲ್ಲ, ಬೆರಳನ್ನು ಚಪ್ಪಟೆಯಾಗಿಟ್ಟು ನಡುವಿನ ಮೆತ್ತಗಿನ ಭಾಗದಿಂದ ಮುಚ್ಚಬೇಕು. "ಇಷ್ಟು ದಿನ ಬೆರಳ ತುದಿಯಿಂದ ಬದುಕಿದ್ದೀರಿ, ಅದನ್ನ ಮರೀರಿ," ಎಂದರು.

ಎಡಗೈಯ ಮೂರು ಬೆರಳು ಕೂತವು. ಹೆಬ್ಬೆರಳು ಹಿಂದೆ ಕೂತಿತು. ಬಲಗೈಯ ಮೂರೂ ಕೂತವು. ಕಿರುಬೆರಳು ಮಾತ್ರ ಕೊನೆಯ ತೂತಿನಿಂದ ಅರ್ಧ ಅಂಗುಲ ಹಿಂದೆಯೇ ನಿಂತಿತು. ಅವಳು ಊದಿದಳು. ಬಾಗಿಲಿನ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ ಕೀರಲು ಸದ್ದು ಬಂತು. ನಡುತರದ್ದನ್ನೂ ಹಿಡಿದಳು, ಅಲ್ಲಿಯೂ ಬೆರಳು ತೂತಿನ ಅಂಚನ್ನಷ್ಟೇ ಮುಟ್ಟಿತು. ಮಕ್ಕಳದರಲ್ಲಿ ಮುಚ್ಚಿತು, ಆದರೆ ಉಳಿದ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು.

ಫೋನಕ್ಕ ಚಾಂಟರನ್ನು ಬಟ್ಟೆಯ ಮೇಲಿಟ್ಟು ಮೊಂಡುಬೆರಳನ್ನು ಎತ್ತಿ ತೋರಿಸಿದಳು.

"ನೋಡಿ ಮೇಷ್ಟ್ರೆ. ನನ್ನಿಂದ ಆಗಲ್ಲ."

ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಸ್ವಲ್ಪ ಆಯಿತು ಕೂಡ. ಮನೆಗೆ ಹೋಗಿ ಮಧ್ಯಾಹ್ನವೆಲ್ಲ ಮಲಗಬಹುದು. ಮೇಷ್ಟ್ರು ಆ ಬೆರಳನ್ನು ನೋಡಿದರು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಕೆಳಗಿನ ಅಂಗಡಿಯಲ್ಲಿ ಯಾರೋ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದರು.

"ನಿಮಗೆ ಮೊದಲೇ ಗೊತ್ತಿತ್ತಲ್ಲ?" ಎಂದರು ಮೇಷ್ಟ್ರು.

"ಗೊತ್ತಿತ್ತು."

"ಸೋಮವಾರವೇ ಹೇಳಬಹುದಿತ್ತು."

"ಹೇಳಬಹುದಿತ್ತು." ಅವಳಿಗೆ ಒಮ್ಮೆಲೇ ರೇಗಿತು. "ನೀವೂ ಹೇಳಬಹುದಿತ್ತಲ್ಲ ಮೇಷ್ಟ್ರೆ, ಏಣಿಯಣ್ಣನ ದಿನ. ಆಗಲ್ಲ ಅಂತ ಮೊದಲೇ ಹೇಳಿದ್ರೆ ಇನ್ನೇನಾದ್ರೂ ಮಾಡ್ತಿದ್ರು."

ಅಂಗಡಿಯಾಕೆ ತಲೆ ತಗ್ಗಿಸಿ ದಾರ ಸುತ್ತತೊಡಗಿದಳು.

ಮೇಷ್ಟ್ರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಎಲ್ಲರೂ ಸಮಾಧಾನ ಹೇಳಿದ್ರು," ಎಂದರು. "ಗಾಳಿ ಇತ್ತು ಅಂದ್ರು, ಚಳಿ ಅಂದ್ರು, ಚೀಲ ಹಳೇದು ಅಂದ್ರು. ಯಾರಾದ್ರೂ ಬೈತಾರಾ ಅಂತ ಕಾದೆ. ಯಾರೂ ಬೈಲಿಲ್ಲ. ಅದರ ಹಿಂದಿನ ತಿಂಗಳೇ ಹಲ್ಲು ಕಟ್ಟಿಸ್ಕೊಂಡಿದ್ದೆ. ತುಟಿ ನಿಲ್ತಿರಲಿಲ್ಲ. ಎದೆಯೂ ಅಷ್ಟಕ್ಕಷ್ಟೆ. ಆದ್ರೂ ಇದೊಂದು ಆಗಿಬಿಡುತ್ತೆ ಅಂದ್ಕೊಂಡೆ. ಏಣಿಯಣ್ಣ ನಂಗೆ ಬೇಕಾದವನು."

"ಅವರ ಹೆಂಡ್ತಿ ಕೇಳಿದ್ರು, ಅಷ್ಟೇನಾ ಅಂತ."

ಈ ಸಲ ಅವರು ತಿರುಗಿ ನೋಡಿದರು. ಇದು ಅವರಿಗೆ ಗೊತ್ತಿರಲಿಲ್ಲ.

"ನೀವೇನಂದ್ರಿ?"

"ಮುಗೀತು ಅಂದೆ. ಇನ್ನೇನು ಹೇಳ್ಲಿ?" ಅವಳ ದನಿ ಇಳಿಯಿತು. "ಎಷ್ಟು ಉಳಿದಿತ್ತು ಮೇಷ್ಟ್ರೆ?"

"ಅರ್ಧಕ್ಕಿಂತ ಜಾಸ್ತಿ."

ಬೈದದ್ದಕ್ಕೆ ಫೋನಕ್ಕನಿಗೆ ಪಶ್ಚಾತ್ತಾಪವಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಬಹಳ ದಿನದಿಂದ ಹೊತ್ತುಕೊಂಡು ತಿರುಗಿದ್ದನ್ನು ಕೆಳಗಿಟ್ಟಾಗ ತೋಳು ಮರಗಟ್ಟುತ್ತದಲ್ಲ, ಅಷ್ಟೇ ಆಯಿತು. ಮೇಷ್ಟ್ರು ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. ಹೊರಡೋಣ ಎಂಬಂತೆ ಎರಡೂ ಮೊಣಕಾಲಿನ ಮೇಲೆ ಕೈಯೂರಿದರು.

"ಅಕ್ಕ," ಎಂದಳು ಅಂಗಡಿಯಾಕೆ, ತಲೆ ಎತ್ತದೆ. "ಕೈ ಅದಲುಬದಲು ಮಾಡಿ ಹಿಡೀರಿ ನೋಡೋಣ."

"ಅಂದ್ರೆ?"

"ಬಲಗೈ ಮೇಲೆ, ಎಡಗೈ ಕೆಳಗೆ. ಮೇಲಿನ ಕೈಯಲ್ಲಿ ಕಿರುಬೆರಳಿಗೆ ಕೆಲಸವೇ ಇಲ್ಲ. ಸುಮ್ಮನೆ ಗಾಳೀಲಿ ಇರುತ್ತೆ. ಅದು ಉದ್ದ ಇದ್ರೇನು, ಮೊಂಡಾದ್ರೇನು?"

ಫೋನಕ್ಕ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರ ಹುಬ್ಬು ಗಂಟಿಕ್ಕಿತ್ತು.

"ಅದು ಎಡಚರ ಪದ್ಧತಿ," ಎಂದರು. "ಚೀಲ ಬಲಗಂಕುಳಿಗೆ ಬರುತ್ತೆ, ಕೊಳವೆಗಳು ಬಲಹೆಗಲಿಗೆ ಹೋಗ್ತವೆ. ನಮ್ಮ ಬ್ಯಾಂಡಲ್ಲಿ ಬಿಡ್ತಿರಲಿಲ್ಲ. ಸಾಲಲ್ಲಿ ನಿಂತಾಗ ಎಲ್ಲರದೂ ಒಂದು ಕಡೆ, ಇವರದೊಂದು ಕಡೆ. ನೋಡೋಕೆ ಚೆನ್ನಾಗಿರಲ್ಲ."

"ಯಾವ ಸಾಲು ಮೇಷ್ಟ್ರೆ?" ಎಂದಳು ಅಂಗಡಿಯಾಕೆ.

ಕುಹಕದಿಂದ ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಹನ್ನೆರಡು ಜನರಲ್ಲಿ ಯಾರು ಯಾರು ಎಲ್ಲೆಲ್ಲಿ ಹೋದರೆಂದು ಮನಸ್ಸಿನಲ್ಲೇ ಎಣಿಸುವಂತೆ ಮೇಷ್ಟ್ರ ತುಟಿ ಅಲುಗಿತು. ಆಮೇಲೆ, "ಹಿಡೀರಿ," ಎಂದರು ಫೋನಕ್ಕನಿಗೆ.

ಉದ್ದದ ಚಾಂಟರನ್ನೇ ಮತ್ತೆ ಹಿಡಿದಳು. ಎಡಗೈಯ ಕಿರುಬೆರಳು ಇಡಿಯಾಗಿತ್ತು, ಕೊನೆಯ ತೂತಿನವರೆಗೆ ಹೋಯಿತು. ಆದರೆ ಆ ತೂತನ್ನು ನೇರ ಸಾಲಿನಲ್ಲಿ ಕೊರೆದಿರಲಿಲ್ಲ. ಬಲಗೈಯ ಕಿರುಬೆರಳಿಗೆ ಅನುಕೂಲವಾಗಲೆಂದು ತುಸು ಬಲಕ್ಕೆ ಸರಿಸಿದ್ದರು. ಎಡಗೈಗೆ ಅದು ಅಷ್ಟೇ ದೂರವಾಗಿತ್ತು. ಮತ್ತೆ ಕೀರಲು ಸದ್ದು. ಅಂಗಡಿಯಾಕೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಐದನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದಳು. ಬೆಲೆಬಾಳುವ ಕರಿಮರದ್ದರಲ್ಲೂ ಕೊನೆಯ ತೂತು ಪಕ್ಕಕ್ಕಿತ್ತು. ನಡುತರದ್ದರಲ್ಲೂ ಪಕ್ಕಕ್ಕೆ. ಗೋಡೆಗೆ ತೂಗುಹಾಕುವ ಕೆಂಪು ಮರದ್ದರಲ್ಲಿ ನೇರವಾಗಿತ್ತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳು ಬಾಗಿ ಕೆಳಗಿನ ಡ್ರಾಯರ್ ಎಳೆದು, ಹಳೆಯ ರೀಡು, ಬಿರಡೆ, ದಾರದುಂಡೆಗಳ ನಡುವೆ ಕೈಯಾಡಿಸಿ, ಒಂದು ಮಾಸಿದ ಕರಿ ಪ್ಲಾಸ್ಟಿಕ್ಕಿನದನ್ನು ಎತ್ತಿದಳು. ಉದ್ದದ್ದೇ. ಕೊನೆಯ ತೂತು ಉಳಿದವುಗಳ ನೇರಕ್ಕೇ ಇತ್ತು. ಬಾಯಿಡುವ ತುದಿಯಲ್ಲಿ ಹಲ್ಲಿನ ಗುರುತು.

"ಯಾರೋ ಕಚ್ಚಿದ ಹಾಗಿದೆಯಲ್ಲ," ಎಂದಳು ಫೋನಕ್ಕ.

"ಹಟ ಹಿಡಿದು ಕಲಿಯೋರು ಕಚ್ತಾರೆ."

"ಕಲಿತ್ರಾ ಅವರು?"

"ವಾಪಸ್ ತಂದ್ಕೊಟ್ರು," ಎಂದಳು ಅಂಗಡಿಯಾಕೆ.

ಮೊದಲ ಸಲ ಮೇಷ್ಟ್ರು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗಡಿಯಾಕೆ ಬಾಯಿಯ ತುದಿಯನ್ನು ಸೋಪು ನೀರಿನಲ್ಲಿ ತೊಳೆದು, ಒಳಗೆ ಹೊಸ ರೀಡ್ ಕೂರಿಸಿ, ಎರಡು ತುಂಡು ಸೇರುವಲ್ಲಿ ಮೇಣದ ದಾರ ಸುತ್ತಿ, ತಿರುಗಿಸಿ ಬಿಗಿ ಮಾಡಿ ಕೊಟ್ಟಳು.

ಫೋನಕ್ಕ ಬಲಗೈ ಮೇಲೆ, ಎಡಗೈ ಕೆಳಗೆ ಇಟ್ಟಳು. ಎಂಟು ತೂತೂ ಮುಚ್ಚಿದವು. ಮೊಂಡುಬೆರಳು ತನಗೇನೂ ಸಂಬಂಧವಿಲ್ಲದಂತೆ ಗಾಳಿಯಲ್ಲಿ ನಿಂತಿತು. ಊದಿದಳು. ಗಂಟಲು ಕಟ್ಟಿದ ಬಾತುಕೋಳಿಯ ದನಿ, ಆದರೆ ಬಿರುಕಿಲ್ಲದ್ದು. ಉಸಿರಿರುವಷ್ಟು ಹೊತ್ತು ಒಂದೇ ಸಮನೆ ನಿಂತಿತು. ಕೆಳಗೆ ಮೊಳೆ ಹೊಡೆಯುವುದು ನಿಂತಿತು.

ದಿನವಿಡೀ ಅವಳ ಕಿವಿಗೆ ಬೀಳುವ ದನಿಗಳೆಲ್ಲ ಏನನ್ನಾದರೂ ಬೇಡುವ ದನಿಗಳೇ. ಗಾಡಿ ಬಂತು ಎನ್ನುತ್ತಲೇ ಅವರು ಫೋನು ಇಡುತ್ತಾರೆ. ಆಮೇಲೆ ಏನಾಯಿತೆಂದು ಅವಳಿಗೆ ತಿಳಿಯುವುದೇ ಇಲ್ಲ. ಈ ದನಿ ಏನನ್ನೂ ಬೇಡುತ್ತಿರಲಿಲ್ಲ. ಅವಳು ನಿಲ್ಲಿಸಿದರೆ ನಿಲ್ಲುತ್ತದೆ, ಅಷ್ಟೇ. ಬೇಡ ಎನ್ನಲು ಇನ್ನೂ ಸಮಯವಿತ್ತು. ಬೆನ್ನು ನೋಯುತ್ತಿತ್ತು, ಹಾಸಿಗೆ ಕರೆಯುತ್ತಿತ್ತು, ಬಾಯಲ್ಲಿ ಪ್ಲಾಸ್ಟಿಕ್ಕಿನ ಕಹಿ.

"ಇದನ್ನೇ ಕೊಡಿ," ಎಂದಳು.

*

ಠಾಣೆಯ ಹಿಂಭಾಗದಲ್ಲಿ ಒದ್ದೆ ಹೋಸುಪೈಪುಗಳನ್ನು ತೂಗುಹಾಕಿ ಒಣಗಿಸುವ ಎತ್ತರದ ಕೋಣೆಯಿದೆ. ಅಲ್ಲಿ ಊದಿದರೆ ಸದ್ದು ಮೇಲಕ್ಕೆ ಹೋಗುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ. ಪ್ರತಿ ಗುರುವಾರ ಮೇಷ್ಟ್ರು ಬಂದು ಒಂದು ಮಡಚುವ ಕುರ್ಚಿಯಲ್ಲಿ ಅವಳ ಎದುರು ಕೂರುತ್ತಿದ್ದರು. ಉಳಿದ ದಿನ ಊಟದ ಬಿಡುವಿನಲ್ಲಿ ಅವಳೊಬ್ಬಳೇ, ಹದಿನೈದು ನಿಮಿಷ.

ಅದಲುಬದಲು ಕೈಗೆ ಪಾಠ ಹೇಳುವುದು ಹೇಗೆ ಎಂದು ಮೇಷ್ಟ್ರು ಮೊದಲ ವಾರ ಬಹಳ ಒದ್ದಾಡಿದರು. ಎರಡನೇ ವಾರ ಅವರಿಗೇ ಹೊಳೆಯಿತು. ಎದುರುಬದುರು ಕೂತಾಗ ಅವರ ಎಡಗೈಯ ನೇರಕ್ಕೆ ಅವಳ ಬಲಗೈ ಬರುತ್ತಿತ್ತು. "ಅರೆ, ಕನ್ನಡಿ ನೋಡಿದ ಹಾಗೆ ನೋಡಿ ಸಾಕು," ಎಂದರು. "ಬೇರೆಯವರಿಗೆ ಕಲಿಸುವಾಗ ಪಕ್ಕದಲ್ಲಿ ಕೂತು ಕತ್ತು ಉಳುಕಿಸ್ಕೊಳ್ತಿದ್ದೆ."

ಕನ್ನಡಿ ಸುಲಭವಾದರೂ ಬೆರಳು ಸುಲಭವಾಗಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬೇಡದ ಸ್ವರವೊಂದು ನುಸುಳುತ್ತಿತ್ತು. ಮೇಷ್ಟ್ರು ಪ್ರತಿ ಸಲವೂ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದರು. ಹತ್ತು ನಿಮಿಷಕ್ಕೆ ಒಳಗೆ ಎಂಜಲು ನೀರು ನಿಂತು ರೀಡ್ ಗೊರಗೊರ ಎನ್ನುತ್ತಿತ್ತು. ಬಿಚ್ಚಿ, ಝಾಡಿಸಿ, ಒರೆಸಿ, ಮತ್ತೆ ಸೇರಿಸಬೇಕು. ಡ್ರೈವರ್ ಬಾಗಿಲಲ್ಲಿ ಇಣುಕಿ, "ಫೋನಕ್ಕ, ಯಾರಿಗೋ ಜೀವ ಹೋಗ್ತಿದೆ, ಗಾಡಿ ಕಳಿಸ್ಲಾ?" ಎನ್ನುವುದು ದಿನಚರಿಯಾಯಿತು. ಕೆಲವು ದಿನ ಅವಳು ಚಾಂಟರ್ ಕೈಯಲ್ಲಿ ಹಿಡಿದು, ಊದದೆ, ಹದಿನೈದು ನಿಮಿಷವೂ ಗೋಡೆಗೊರಗಿ ನಿಂತು ಬಂದದ್ದುಂಟು.

ನಾಲ್ಕನೇ ತಿಂಗಳಲ್ಲಿ, ಹಿಂದೆ ಠಾಣೆಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದ ಮುದುಕನೊಬ್ಬ ತೀರಿಕೊಂಡ. ಅವಳಿಗೆ ಒಂದೇ ಒಂದು ರಾಗವೂ ಪೂರ್ತಿ ಬರುತ್ತಿರಲಿಲ್ಲ. ಸಾಹೇಬರು ಧ್ವನಿವರ್ಧಕ ತರಿಸಿ ರೆಕಾರ್ಡು ಹಾಕಿಸಿದರು. ಫೋನಕ್ಕ ಹಿಂದಿನ ಸಾಲಿನಲ್ಲಿ ನಿಂತು ಕೋಟಿನ ಜೇಬಿನೊಳಗೆ ಬೆರಳು ಆಡಿಸುತ್ತ, ಬರುವ ಸ್ವರಗಳನ್ನಷ್ಟೇ ಹಿಡಿದಳು. ಅರ್ಧ ಕೂಡ ಸಿಗಲಿಲ್ಲ.

ವಾಪಸ್ಸು ನಡೆಯುವಾಗ ಮೇಷ್ಟ್ರು ಹೇಳಿದರು, "ರೆಕಾರ್ಡು ಚೆನ್ನಾಗೇ ಇತ್ತು. ಮಧ್ಯದಲ್ಲಿ ನಿಲ್ಲಲಿಲ್ಲ."

"ಇಲ್ಲ," ಎಂದಳು ಅವಳು. "ಆದ್ರೆ ಪೆಟ್ಟಿಗೆ ಇನ್ನೂ ಗಾಡಿಯಲ್ಲೇ ಇತ್ತು, ಅದಾಗಲೇ ಶುರುವಾಗಿತ್ತು. ಇಳಿಸೋಷ್ಟರಲ್ಲಿ ಮುಗೀತು. ಅವರ ಮಗಳು ಪೆಟ್ಟಿಗೆ ಹಿಂದೆ ನಡೆಯುವಾಗ ಬರೀ ಬೂಟಿನ ಸದ್ದು."

"ಅದಕ್ಕೆ ಕಣ್ಣಿಲ್ಲವಲ್ಲ."

"ಹೂಂ."

ಸ್ವಲ್ಪ ದೂರ ನಡೆದ ಮೇಲೆ ಮೇಷ್ಟ್ರು ನಿಂತರು, ಉಸಿರಿಗೋ ಯೋಚನೆಗೋ ತಿಳಿಯಲಿಲ್ಲ. "ಮುಂದಿನ ವಾರದಿಂದ ರಾಗದ ಮೊದಲ ಸಾಲು ಶುರು ಮಾಡೋಣ," ಎಂದರು. "ನೀವಿನ್ನೂ ತಯಾರಿಲ್ಲ. ಆದ್ರೂ ಮಾಡೋಣ."

ಚೀಲ ಅವಳ ಬಲಗಂಕುಳಿಗೆ ಬಂದದ್ದು ಮರುವರ್ಷ. ಅಂಗಡಿಯಾಕೆ ಠಾಣೆಯ ಹಳೆಯ ಬ್ಯಾಗ್‌ಪೈಪನ್ನು ಬಿಚ್ಚಿ, ಕೊಳವೆಗಳು ಬಲಹೆಗಲಿಗೆ ಬರುವ ಹಾಗೆ ಹೊಸ ಚೀಲಕ್ಕೆ ಕಟ್ಟಿಕೊಟ್ಟಳು. ಬೆರಳಾಡಿಸುವ ಕೆಳಗಿನ ಕೊಳವೆಗೂ ನೇರ ತೂತಿನದನ್ನೇ ಹುಡುಕಿ ಹಾಕಿದಳು. ಮೊದಲ ದಿನ ಎರಡು ನಿಮಿಷಕ್ಕೆ ಫೋನಕ್ಕನ ಕಣ್ಣು ಕತ್ತಲಿಟ್ಟಿತು. "ಹೊಗೆ ಕಾಣದ ಶ್ವಾಸಕೋಶ!" ಎಂದು ಡ್ರೈವರ್ ನೀರು ತಂದುಕೊಟ್ಟ.

ಹದಿನಾರನೇ ತಿಂಗಳಲ್ಲಿ ಸಾಹೇಬರು ನಿವೃತ್ತರಾದರು. ಅಂಗಳದಲ್ಲಿ ಎರಡು ಗಾಡಿಗಳನ್ನು ತೊಳೆದು ನಿಲ್ಲಿಸಿದ್ದರು. ಎಲ್ಲರೂ ಸಾಲಾಗಿ ನಿಂತ ಮೇಲೆ ಅವಳು ಒಬ್ಬಳೇ ಮುಂದೆ ಬಂದು ನುಡಿಸಿದಳು. ಎರಡು ಕಡೆ ತಪ್ಪಿತು. ಒಂದು ಕಡೆ ಮೊಣಕೈಯ ಒತ್ತು ಸಡಿಲವಾಗಿ ಸ್ವರ ಬಾಗಿತು, ಕುಸಿಯುವ ಮೊದಲೇ ಹಿಡಿದುಕೊಂಡಳು. ಬೇರೆ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಮಾತ್ರ ಆ ಕ್ಷಣ ತಮ್ಮ ಶೂ ನೋಡಿಕೊಂಡರು, ಆಮೇಲೆ ಮೆಲ್ಲಗೆ ತಲೆ ಎತ್ತಿದರು. ರಾಗ ಕೊನೆಯವರೆಗೆ ಹೋಯಿತು. ಸಾಹೇಬರು ಕೈಕುಲುಕಿ, ಅವತ್ತು ನೀವು ತಲೆಯಾಡಿಸಿದ್ದು ಒಳ್ಳೇದಾಯ್ತು ನೋಡಿ ಎಂದರು. ಅವಳು ವಾದಿಸಲಿಲ್ಲ.

ಫೋನು ಕೋಣೆಗೆ ಮರಳಿದಾಗ ಅವಳ ಬದಲಿಗೆ ಕೂತಿದ್ದಾಕೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಎರಡು ಫೋನ್ ಬಂದಿತ್ತು ಅಕ್ಕ. ಒಂದು ರಾಂಗ್ ನಂಬರ್, ಇನ್ನೊಂದು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು. ಗಾಡಿ ಕಳಿಸಿದೀನಿ."

"ಆಯ್ತು."

ಕಂಕುಳು ನೋಯುತ್ತಿತ್ತು, ತುಟಿ ಊದಿತ್ತು. ಚೀಲವನ್ನು ಬೀರುವಿನ ಮೇಲಿಟ್ಟು, ಕೆಳಗಿನ ಕೊಳವೆಯನ್ನು ಬಿಚ್ಚಿ ಬಟ್ಟೆಯಲ್ಲಿ ಒರೆಸತೊಡಗಿದಳು. ಅರ್ಧ ಒರೆಸುವಷ್ಟರಲ್ಲಿ ಫೋನು ಬಂತು. ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡೇ ಹೆಡ್‌ಫೋನು ಹಾಕಿಕೊಂಡು, "ಹೇಳಿ," ಎಂದಳು, "ಎಲ್ಲಿಂದ ಮಾತಾಡ್ತಿದ್ದೀರಿ?"